27ಕ್ಕೇ ಮುಖದಲ್ಲಿ ಗೆರೆ, ಕೆನ್ನೆಯಲ್ಲಿ ಕಂದು ಛಾಯೆ: ಇದರಲ್ಲಿ ವಯಸ್ಸಿನದು ಯಾವುದು?

ಹೊಂಗೆನೆರಳು (ಪ್ರಶ್ನೆ)

ವಯಸ್ಸು 27, ಗೋಧಿ ಮೈಬಣ್ಣ. ಹಣೆ, ಮೂಗು ಎಣ್ಣೆ ಎಣ್ಣೆ, ಕೆನ್ನೆ ಒಣ. ಬೆಂಗಳೂರಿನಲ್ಲಿ ದಿನಾ ಸ್ಕೂಟರ್ ಓಡಾಟ, ಬೆಳಗ್ಗೆ 9ಕ್ಕೆ 35 ನಿಮಿಷ, ಸಂಜೆ 4ಕ್ಕೆ 35 ನಿಮಿಷ.

ಈಗ ಕಾಣುತ್ತಿರುವುದು: ಹುಬ್ಬುಗಳ ನಡುವೆ ಎರಡು ನೆಟ್ಟನೆಯ ಗೆರೆ, ಮುಖ ಸಡಿಲ ಬಿಟ್ಟರೂ ಎಡಗಡೆಯದು ಪೂರ್ತಿ ಮಾಯವಾಗುವುದಿಲ್ಲ. ಕಣ್ಣ ಕೆಳಗೆ ಕಪ್ಪು, ಜೊತೆಗೆ ಕಾಗದ ಮುದುರಿದ ಹಾಗೆ ಸಣ್ಣ ಗೆರೆಗಳು. ಮೂಗಿನ ಬದಿಯಿಂದ ತುಟಿಯಂಚಿನವರೆಗೆ ಮಡಿಕೆ, ಸೆಲ್ಫಿಯಲ್ಲಿ ಇನ್ನೂ ಎದ್ದು ಕಾಣುತ್ತದೆ. ಎರಡೂ ಕೆನ್ನೆಮೂಳೆಗಳ ಮೇಲೆ ಕಂದು ಛಾಯೆ. ಕೊರಳಿನಲ್ಲಿ ಅಡ್ಡ ಗೆರೆ ಎರಡು.

ಸದ್ಯ ಬಳಸುತ್ತಿರುವುದು ಫೇಸ್‌ವಾಶ್, ಆರು ತಿಂಗಳ ಹಿಂದೆ ತೆರೆದ ವಿಟಮಿನ್ ಸಿ ಸೀರಮ್ (ಈಗ ಟೀ ಡಿಕಾಕ್ಷನ್ ಬಣ್ಣ), ವಾರಕ್ಕೊಮ್ಮೆ ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಉಜ್ಜುವುದು. ಸನ್‌ಸ್ಕ್ರೀನ್ ಬಿಸಿಲು ಜಾಸ್ತಿ ಇದ್ದ ದಿನ ಮಾತ್ರ. ಇದರಲ್ಲಿ ನಿಜವಾಗಿ ವಯಸ್ಸಿನಿಂದ ಬಂದದ್ದು ಯಾವುದು? ರೆಟಿನಾಲ್ ಶುರು ಮಾಡುವ ವಯಸ್ಸೇ ಇದು? "ಈಗಲೇ ಬೊಟಾಕ್ಸ್ ಹಾಕಿಸಿದರೆ ಮುಂದೆ ಸುಕ್ಕೇ ಬರಲ್ಲ" ಎಂದು ಒಂದು ಕ್ಲಿನಿಕ್‌ನಲ್ಲಿ ಹೇಳಿದ್ದಾರೆ, ಅದು ಸರಿಯೇ?

---

ಶರಾವತಿ_ದಡ

ಮೊದಲು ಬೇರ್ಪಡಿಸಿ ನೋಡೋಣ. ನೀವು ಬರೆದ ಐದರಲ್ಲಿ ಎರಡು ವಯಸ್ಸಿನವೇ ಅಲ್ಲ.

ಕೊರಳಿನ ಗೆರೆ ಹುಟ್ಟಿನಿಂದಲೇ ಇರುವ ಚರ್ಮದ ಮಡಿಕೆ. ಕೂಸುಗಳ ಕೊರಳಲ್ಲೂ ನೋಡಬಹುದು. ನಮ್ಮ ಕಾವ್ಯಗಳು ಇದನ್ನೇ ಶಂಖದ ಕೊರಳು, ಕಂಬುಕಂಠ ಎಂದು ಹೊಗಳಿದ್ದು. ಅದನ್ನು ಇವತ್ತು ಕ್ರೀಮು ಮಾರಲು ದೋಷವೆಂದು ಎಣಿಸುತ್ತಿದ್ದಾರೆ, ಅದಕ್ಕೆ ದುಡ್ಡು ಸುರಿಯಬೇಡಿ. ಸನ್‌ಸ್ಕ್ರೀನನ್ನು ಕೊರಳವರೆಗೂ ಇಳಿಸಿ ಹಚ್ಚಿದರೆ ಆಯಿತು.

ಮೂಗಿನ ಬದಿಯ ಮಡಿಕೆಯೂ ಹಾಗೆಯೇ. ನಗುವ ಮಗುವಿನ ಮುಖದಲ್ಲೂ ಅದು ಇರುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಕೆನ್ನೆಯ ಎಳೆಗೊಬ್ಬು ಇಳಿಯುತ್ತಾ ಬಂದಾಗ, ಅಥವಾ ಡಯಟ್ ಮಾಡಿ ತೂಕ ಬೇಗ ಇಳಿಸಿದಾಗ, ಮಡಿಕೆ ಎದ್ದು ಕಾಣುತ್ತದೆ. ಸೆಲ್ಫಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಮುಖದಿಂದ ಒಂದು ಅಡಿ ದೂರದಲ್ಲಿ ತೆಗೆದ ಚಿತ್ರದಲ್ಲಿ ಮೂಗು, ಐದು ಅಡಿ ದೂರದಿಂದ ತೆಗೆದದ್ದಕ್ಕೆ ಹೋಲಿಸಿದರೆ ಸುಮಾರು 30% ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಮುಖದ ನಡುಭಾಗವೇ ಉಬ್ಬಿದಾಗ ಪಕ್ಕದ ನೆರಳೂ ಗಾಢವಾಗುತ್ತದೆ. ಬದಲಾವಣೆ ಗಮನಿಸಬೇಕೆಂದರೆ ಫೋನನ್ನು ಐದು ಅಡಿ ದೂರದ ಕಪಾಟಿನ ಮೇಲಿಟ್ಟು, ಹಿಂದಿನ ಕ್ಯಾಮೆರಾದಲ್ಲಿ, ಅದೇ ಕಿಟಕಿ ಎದುರು, ಅದೇ ಹೊತ್ತಿನಲ್ಲಿ ಮೂರು ತಿಂಗಳಿಗೊಂದು ಫೋಟೋ ತೆಗೆಯಿರಿ. ದಿನಾ ಕನ್ನಡಿ ಹತ್ತಿರ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ.

ಕಣ್ಣ ಕೆಳಗಿನದಕ್ಕೆ ಮೂರು ಪರೀಕ್ಷೆ ಇವೆ. ಸಣ್ಣ ಗೆರೆಗಳ ಮೇಲೆ ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಮಾಸಿಹೋದರೆ ಅದು ನೀರಿಲ್ಲದೆ ಒಣಗಿದ ಚರ್ಮ, ಸುಕ್ಕಲ್ಲ. ಇನ್ನು ಕಪ್ಪಿಗೆ: ಕೆಳರೆಪ್ಪೆಯ ಚರ್ಮವನ್ನು ಬೆರಳ ತುದಿಯಿಂದ ಮೆಲ್ಲಗೆ ಹೊರಗೆ ಎಳೆಯಿರಿ. ಬಣ್ಣ ಬದಲಾಗದೆ ಚರ್ಮದ ಜೊತೆಗೇ ಸರಿದರೆ ಅದು ಚರ್ಮದಲ್ಲೇ ಇರುವ ಕಂದು ವರ್ಣ. ಎಳೆದಷ್ಟೂ ನೀಲಿಯೋ ನೇರಳೆಯೋ ಗಾಢವಾದರೆ ತೆಳು ಚರ್ಮದಡಿ ಕಾಣುವ ರಕ್ತನಾಳ. ಮೂರನೆಯದು, ಕಿಟಕಿಯ ಎದುರು ನಿಂತು ಗದ್ದ ಮೇಲೆತ್ತಿ. ಕಪ್ಪು ಕರಗಿಹೋದರೆ ಅದು ಬಣ್ಣವಲ್ಲ, ಗುಳಿಯ ನೆರಳು; ಯಾವ ಕ್ರೀಮಿಗೂ ಬಗ್ಗದು. ಅನೇಕರಲ್ಲಿ ಮೂರೂ ಬೆರೆತಿರುತ್ತವೆ, ಅಪ್ಪ ಅಮ್ಮನ ಮುಖದಲ್ಲಿ ಇದ್ದರೆ ಹೆಚ್ಚಿನ ಪಾಲು ವಂಶದ್ದು. ಬೆಳಗ್ಗೆ ಸೀನು, ಕಣ್ಣು ತುರಿಕೆ ಇದೆಯಾ ನೋಡಿ. ಅಲರ್ಜಿಯಲ್ಲಿ ಕಣ್ಣುಜ್ಜಿ ಉಜ್ಜಿ ಕಪ್ಪಾಗುವುದು ತುಂಬಾ ಸಾಮಾನ್ಯ, ಅಲ್ಲಿ ಅಲರ್ಜಿಗೆ ಔಷಧಿ ಕೊಡಬೇಕೇ ಹೊರತು ಐ ಕ್ರೀಮ್ ಅಲ್ಲ. ಕಾಡಿಗೆ ಹಚ್ಚುವವರಾದರೆ ಅದನ್ನು ತೆಗೆಯುವಾಗಲೂ ಉಜ್ಜಬೇಡಿ, ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಹತ್ತು ಎಣಿಸುವಷ್ಟು ಹೊತ್ತು ಒತ್ತಿಟ್ಟು ಒಂದೇ ಸಲ ಒರೆಸಿ.

ಹುಬ್ಬಿನ ನಡುವಿನ ಗೆರೆ ಬಗ್ಗೆ ಒಂದು ಪ್ರಶ್ನೆ: ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ದೂರದ ಬೋರ್ಡು ಓದಲು ಕಣ್ಣು ಕಿರಿದು ಮಾಡುವವರಿಗೆ, ಬಿಸಿಲಲ್ಲಿ ಕೂಲಿಂಗ್ ಗ್ಲಾಸ್ ಇಲ್ಲದೆ ಗಾಡಿ ಓಡಿಸುವವರಿಗೆ ಅದೇ ಸ್ನಾಯು ದಿನಕ್ಕೆ ಸಾವಿರಾರು ಸಲ ಮಡಚುತ್ತದೆ. ಕನ್ನಡಕದ ನಂಬರ್ ಸಣ್ಣದಿದ್ದರೂ ಕಣ್ಣು ಕಿರಿದಾಗಬಹುದು. ಕನ್ನಡಕ ಸರಿಹೋಗದೆ ಇಲ್ಲಿ ಕ್ರೀಮು ಹಚ್ಚಿದರೆ ಮಡಚುವುದು ನಿಲ್ಲುವುದಿಲ್ಲ.

ಉಳಿದದ್ದು ಕೆನ್ನೆಯ ಕಂದು. ನಿಮ್ಮ ಪಟ್ಟಿಯಲ್ಲಿ ಬಿಸಿಲಿನ ಗುರುತು ಇರುವುದು ಅದರಲ್ಲೇ, ನೀವು ಎಲ್ಲಕ್ಕಿಂತ ಕಡಿಮೆ ತಲೆಕೆಡಿಸಿಕೊಂಡಿರುವುದೂ ಅದರ ಬಗ್ಗೆಯೇ. ಬಿಳಿ ಚರ್ಮದವರಲ್ಲಿ ಬಿಸಿಲು ಮೊದಲು ಸುಕ್ಕಾಗಿ ಕಾಣಿಸಿಕೊಳ್ಳುತ್ತದೆ. ನಮ್ಮಂಥ ಚರ್ಮದಲ್ಲಿ ಮೊದಲು ಬಣ್ಣ ಕೆಡುತ್ತದೆ, ಸುಕ್ಕು ಎಷ್ಟೋ ವರ್ಷದ ಮೇಲೆ. ವಿದೇಶಿ ವಿಡಿಯೋ ನೋಡಿ ಗೆರೆಗಳ ಹಿಂದೆ ಬಿದ್ದರೆ ಇದು ತಪ್ಪಿಹೋಗುತ್ತದೆ. ತೋಳಿನ ಒಳಮೈ, ಕಂಕುಳ ಹತ್ತಿರದ ಚರ್ಮವನ್ನು ಕೆನ್ನೆಯ ಪಕ್ಕದಲ್ಲಿಟ್ಟು ಕನ್ನಡಿಯಲ್ಲಿ ನೋಡಿ. ಎರಡಕ್ಕೂ 27 ವರ್ಷವೇ. ಬಣ್ಣದಲ್ಲಿ, ನಯದಲ್ಲಿ ಕಾಣುವ ವ್ಯತ್ಯಾಸದ ಬಹುಪಾಲು ಬಿಸಿಲಿನದು.

ಎರಡೂ ಕಡೆ ಒಂದೇ ಆಕಾರದಲ್ಲಿ, ಅಂಚು ಅಂಕುಡೊಂಕಾಗಿ ಹರಡಿದ್ದರೆ ಬಂಗು. ಆದರೆ ಕಪ್ಪು ಕೆನ್ನೆಮೂಳೆಯಿಂದ ಕಪೋಲದ ಬದಿಗೆ, ಹಣೆಯ ಪಕ್ಕಕ್ಕೆ ಹಬ್ಬಿ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪ ಅನ್ನಿಸಿ, ಕತ್ತಿನ ಹಿಂಭಾಗದಲ್ಲೂ ಅದೇ ಇದ್ದರೆ ಅದು ಬಿಸಿಲೂ ಅಲ್ಲ, ಕೊಳೆಯೂ ಅಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಉಪವಾಸದ ಸಕ್ಕರೆ ಮತ್ತು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) ಪರೀಕ್ಷೆ ಮಾಡಿಸಿ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ತೂಕ ಇಳಿದಂತೆ ತಿಳಿಯಾಗುತ್ತದೆ.

ನಿಂಬೆರಸ ಇವತ್ತೇ ನಿಲ್ಲಿಸಿ. ಅದರ ಹುಳಿ ಚರ್ಮದ ಹೊರಪದರವನ್ನು ಕೆಣಕುತ್ತದೆ; ತೊಳೆಯದೆ ಉಳಿದ ರಸದ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕಪ್ಪುಕಲೆ ಏಳುತ್ತದೆ. ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ ಸೀರಮ್ ಕೆಟ್ಟಿದೆ, ಚೆಲ್ಲಿ.

---

ನೀಲಿಕೊಡೆ

ಮೇಲಿನವರು ಹೇಳಿದ್ದರಲ್ಲಿ ಕೆನ್ನೆಯ ಕಂದು ಮುಖ್ಯ, ಅದಕ್ಕೆ ಸನ್‌ಸ್ಕ್ರೀನ್ ಲೆಕ್ಕ ಬರೆಯುತ್ತೇನೆ. ಹೆಚ್ಚಿನವರು ಹಚ್ಚುತ್ತಾರೆ, ಆದರೆ ಹಚ್ಚಬೇಕಾದಷ್ಟು ಹಚ್ಚುವುದಿಲ್ಲ.

ಟ್ಯೂಬಿನ ಮೇಲಿನ ಎಸ್‌ಪಿಎಫ್ (ಬಿಸಿಲು ತಡೆಯುವ ಮಟ್ಟ) ಅಂಕಿ ಪ್ರಯೋಗಾಲಯದಲ್ಲಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದದ್ದು. ಮುಖ, ಕಿವಿ, ಕೊರಳಿಗೆ ಅಷ್ಟು ದಪ್ಪ ಬರಬೇಕೆಂದರೆ ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿವರೆಗೆ ಎರಡು ಪಟ್ಟಿ ಹಿಂಡಬೇಕು, ಹೆಚ್ಚುಕಡಿಮೆ ಒಂದೂಕಾಲು ಗ್ರಾಂ. ಒಂದೇ ಸಲಕ್ಕೆ ಅಂಟಂಟಾಗುತ್ತದೆ. ಒಂದು ಬೆರಳಿನದು ಹಚ್ಚಿ, ಐದು ನಿಮಿಷ ಬಿಟ್ಟು ಎರಡನೆಯದು. ಉಜ್ಜಬೇಡಿ, ತಟ್ಟಿ ಹರಡಿ. ಸರಿಯಾಗಿ ಹಚ್ಚುತ್ತಿದ್ದೀರಾ ಎಂಬುದಕ್ಕೆ ಸುಲಭದ ಪರೀಕ್ಷೆ: ದಿನಕ್ಕೊಮ್ಮೆ ಹಚ್ಚಿದರೆ 50 ಗ್ರಾಂ ಟ್ಯೂಬ್ ಸುಮಾರು 40 ದಿನಕ್ಕೆ ಮುಗಿಯಬೇಕು. ನಾಲ್ಕು ತಿಂಗಳು ಬಂದರೆ ನಿಮಗೆ ಸಿಗುತ್ತಿರುವುದು ಟ್ಯೂಬಿನ ಮೇಲೆ ಬರೆದ ರಕ್ಷಣೆಯಲ್ಲ. ದುಬಾರಿ ಟ್ಯೂಬ್ ತಂದು ಜಿಪುಣತನದಿಂದ ಹಚ್ಚುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ಮೇಲು.

ಎಸ್‌ಪಿಎಫ್ 30 ಮತ್ತು 50ರ ನಡುವೆ ಕಾಗದದ ಮೇಲಿನ ವ್ಯತ್ಯಾಸ ಸಣ್ಣದು (97% ಮತ್ತು 98% ತಡೆ), ಆದರೆ ನಾವು ಕಡಿಮೆ ಹಚ್ಚುವವರಾದ್ದರಿಂದ 50 ತೆಗೆದುಕೊಳ್ಳಿ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ (ಯುವಿ) ಚರ್ಮ ಸುಡುವ ಯುವಿ-ಬಿ ಬಗ್ಗೆ. ಆಳಕ್ಕೆ ಇಳಿದು, ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಕೆಡಿಸುವ ಯುವಿ-ಎ ತಡೆಗೆ ಪಿಎ ಪಕ್ಕದ ಕೂಡುಚಿಹ್ನೆ ನೋಡಿ, ಮೂರೋ ನಾಲ್ಕೋ ಇರಲಿ. ಬಂಗು ಇದ್ದರೆ ಒಂದು ಹೆಜ್ಜೆ ಮುಂದೆ: ನಮ್ಮ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಕಂದು ಎಬ್ಬಿಸುತ್ತದೆ, ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಬೇಕು.

"ಬೆಂಗಳೂರು ತಂಪು" ಅನ್ನುವುದು ಚರ್ಮಕ್ಕೆ ಗೊತ್ತಿಲ್ಲ. ಊರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಸಾವಿರ ಮೀಟರಿಗೆ ಯುವಿ ಹತ್ತಿರ ಹತ್ತಿರ 10% ಏರುತ್ತದೆ. ಸೆಕೆ ನೋಡಿ ನಿರ್ಧರಿಸಬೇಡಿ, ನೆರಳು ನೋಡಿ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿ ಜೋರಿದೆ. ಬೆಳಗ್ಗೆ 9ಕ್ಕೆ ನೆರಳು ನಿಮಗಿಂತ ಸ್ವಲ್ಪ ಉದ್ದ, ಸಂಜೆ 4ಕ್ಕೆ ಇನ್ನೂ ಉದ್ದ; ಆದರೂ ಎರಡೂ ಓಡಾಟ ಗಡಿಯ ಹತ್ತಿರವೇ ಇವೆ. ಹೊರಡುವ ಹದಿನೈದು ನಿಮಿಷ ಮೊದಲು ಒಂದು ಸಲ. ಆಫೀಸು ಬಿಡುವ ಮುಂಚೆ ಮುಖ ಒರೆಸಿಕೊಂಡು ಇನ್ನೊಂದು ಸಲ. ಹೆಲ್ಮೆಟ್ಟಿನ ಸ್ಪಂಜು ಕೆನ್ನೆಗೆ, ಹಣೆಗೆ ಉಜ್ಜಿ ಬೆಳಗಿನದನ್ನು ಒರೆಸಿಬಿಟ್ಟಿರುತ್ತದೆ. ಪಾಲಿಕಾರ್ಬೊನೇಟ್ ವೈಸರ್ ಪಾರದರ್ಶಕವಾಗಿದ್ದರೂ ಯುವಿಯ ಬಹುಪಾಲನ್ನು ತಡೆಯುತ್ತದೆ, ಇಳಿಸಿಕೊಂಡು ಓಡಿಸಿ. ಸಿಗ್ನಲ್ಲಿನಲ್ಲಿ ಎತ್ತಿದರೆ ಅಷ್ಟು ಹೊತ್ತು ತಡೆ ಇಲ್ಲ.

ಇದಕ್ಕೆಲ್ಲ ಆಧಾರ ಇದೆಯಾ ಅಂದರೆ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನಂಬೂರ್ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ಕೈಯ ಹಿಂಭಾಗದ ಚರ್ಮದ ಅಚ್ಚು ತೆಗೆದು ಹೋಲಿಸಿದರು. ದಿನಾ ಹಚ್ಚಿದವರಲ್ಲಿ ವಯಸ್ಸಾಗುವ ಗುರುತು, ಮನಸ್ಸು ಬಂದಾಗ ಹಚ್ಚಿದವರಿಗಿಂತ 24% ಕಡಿಮೆ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅವರು ಕೊಟ್ಟದ್ದು ಎಸ್‌ಪಿಎಫ್ 15ರದ್ದು ಮಾತ್ರ. ದಿನಾ ತಪ್ಪದೆ ಹಚ್ಚಿದ್ದೇ ಫಲ ಕೊಟ್ಟಿದ್ದು.

---

ಎಡತಿರುವು

ನಡುವೆ ಒಂದು ಪ್ರಶ್ನೆ. 29 ವರ್ಷ, ಕ್ಯಾಬ್ ಚಾಲನೆ, ದಿನಕ್ಕೆ 10 ಗಂಟೆ. ಎಸಿ ಹಾಕಿ ಗಾಜು ಏರಿಸಿಯೇ ಇರುತ್ತದೆ. ಆದರೂ ಬಲಗೆನ್ನೆ, ಬಲ ಮೊಣಕೈ ಕೆಳಗೆ ಎಡಕ್ಕಿಂತ ಕಪ್ಪು. ಗಾಜು ಬಿಸಿಲು ತಡೆಯುವುದಿಲ್ಲವೇ?

---

ನೀಲಿಕೊಡೆ

ಅರ್ಧ ತಡೆಯುತ್ತದೆ. ಮುಂದಿನ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು, ಅದು ಯುವಿ-ಎಯನ್ನೂ ಬಹುತೇಕ ತಡೆಯುತ್ತದೆ. ಬಾಗಿಲ ಗಾಜು ಸಾಮಾನ್ಯವಾಗಿ ಒಂದೇ ಪದರದ್ದು. ಯುವಿ-ಬಿ ನಿಲ್ಲುತ್ತದೆ, ಯುವಿ-ಎ ಗಣನೀಯವಾಗಿ ಒಳಗೆ ಬರುತ್ತದೆ. ಸುಡುವುದು ಯುವಿ-ಬಿ ಆದ್ದರಿಂದ ಉರಿಯೇ ಗೊತ್ತಾಗುವುದಿಲ್ಲ, ಅಲ್ಲೇ ಮೋಸ ಹೋಗುವುದು. 28 ವರ್ಷ ಟ್ರಕ್ ಓಡಿಸಿದ 69ರ ಅಮೆರಿಕದ ಚಾಲಕನೊಬ್ಬರ ಫೋಟೋ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು: ಕಿಟಕಿ ಕಡೆಯ ಎಡಗೆನ್ನೆ ಗುಡ್ಡೆಗುಡ್ಡೆಯಾಗಿ ಜೋತುಬಿದ್ದಿದೆ, ಬಲಗೆನ್ನೆ ಎಷ್ಟೋ ವರ್ಷ ಚಿಕ್ಕವರದ್ದರಂತಿದೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ನಿಮಗೆ ಬಲಗೆನ್ನೆ.

ಬೆಳಗ್ಗೆ ಒಂದು ಸಲ, ಊಟವಾದ ಮೇಲೆ ಒಂದು ಸಲ ಹಚ್ಚಿ. ಬಲಗೆನ್ನೆ, ಬಲ ಕಿವಿ, ಕತ್ತಿನ ಬಲಬದಿ ಬಿಡಬೇಡಿ. ಬಲಗೈಗೆ ಬೈಕಿನವರು ಹಾಕುವ ಉದ್ದ ತೋಳುಚೀಲ ಸಾಕು, ಕ್ರೀಮಿಗಿಂತ ಅಗ್ಗ ಮತ್ತು ಬೆವರಿಗೆ ಅಳಿಯುವುದಿಲ್ಲ.

---

ಬೇವಿನಕಟ್ಟೆ

ರೆಟಿನಾಲ್ ಪ್ರಶ್ನೆಗೆ. ವಿಟಮಿನ್ ಎ ಕುಟುಂಬದಲ್ಲಿ ಬಲವಾದ ಪುರಾವೆ ಇರುವುದು ಟ್ರೆಟಿನೊಯಿನ್‌ಗೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಅದನ್ನು ಮೊದಲು ಮೊಡವೆಗೆ ತಂದದ್ದು. ಮೊಡವೆಗೆ ಹಚ್ಚಿದವರ ಸುಕ್ಕೂ ನಯವಾಗುವುದು ಕಂಡು 1986ರಲ್ಲಿ ಬಿಸಿಲಿಗೆ ಕೆಟ್ಟ ಚರ್ಮದ ಮೇಲಿನ ಪರಿಣಾಮ ಪ್ರಕಟಿಸಿದರು. ಅಂಗಡಿಯ ರೆಟಿನಾಲ್ ಚರ್ಮದೊಳಗೆ ಎರಡು ಹಂತ ಬದಲಾಗಿ ಇದೇ ಆಗಬೇಕು, ಆದ್ದರಿಂದ ಸೌಮ್ಯ ಮತ್ತು ನಿಧಾನ. ಟ್ರೆಟಿನೊಯಿನ್ ಇಲ್ಲಿ ವೈದ್ಯರ ಚೀಟಿಯ ಮೇಲೆ ಕೊಳ್ಳಬೇಕಾದ ಔಷಧಿ.

27ಕ್ಕೆ ಹಚ್ಚಲೇಬೇಕೆಂದಿಲ್ಲ. ಹಚ್ಚುವುದಾದರೆ ಟ್ರೆಟಿನೊಯಿನ್ 0.025%ರಿಂದಲೇ ಶುರು. ರಾತ್ರಿ ಮುಖ ತೊಳೆದು ಒರೆಸಿ, 20 ನಿಮಿಷ ಪೂರ್ತಿ ಆರಲು ಬಿಡಿ. ಒದ್ದೆ ಚರ್ಮ ಬೇಗ ಹೀರಿಕೊಂಡು ಉರಿಯುತ್ತದೆ. ಕಣ್ಣಿನ ಮೂಲೆ, ಮೂಗಿನ ಹೊಳ್ಳೆಯ ಬದಿ, ತುಟಿಯಂಚಿಗೆ ವ್ಯಾಸಲಿನ್ ಸವರಿ, ಔಷಧಿ ಹರಿದು ಸೇರಿಕೊಳ್ಳುವುದು ಅಲ್ಲಿಗೇ. ಒಣ ಕೆನ್ನೆಯಾದ್ದರಿಂದ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಒಂದು ಬಟಾಣಿ ಕಾಳಿನಷ್ಟು ಕ್ರೀಮನ್ನು ಹಣೆ, ಎರಡು ಕೆನ್ನೆ, ಗದ್ದಕ್ಕೆ ಚುಕ್ಕೆಯಿಟ್ಟು ಹರಡಿ. ಇಡೀ ಮುಖಕ್ಕೆ ಆ ಒಂದು ಕಾಳೇ. ಕಪ್ಪಿರುವ ಕಡೆಗೆ ಮಾತ್ರ ಹೆಚ್ಚು ಬಳಿಯುವುದು ತಪ್ಪು. ಮೊದಲ ಮೂರು ವಾರ ಸೋಮವಾರ, ಗುರುವಾರ ಮಾತ್ರ. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ತಡೆದುಕೊಂಡರೆ ದಿನಾ.

ಎರಡರಿಂದ ಆರು ವಾರದ ನಡುವೆ ಸಣ್ಣಗೆ ಸಿಪ್ಪೆ ಏಳುವುದು, ಬಿಗಿಯುವುದು ಇದ್ದದ್ದೇ. ನೀರು ಹಾಕಿದರೂ ಉರಿ ಅಂದರೆ ನಾಲ್ಕು ರಾತ್ರಿ ನಿಲ್ಲಿಸಿ, ಬರೀ ಮಾಯಿಶ್ಚರೈಸರ್. ಹಠ ಹಿಡಿದು ಮುಂದುವರಿಸಿದರೆ ನಮ್ಮ ಚರ್ಮದಲ್ಲಿ ಉರಿ ಹೋದ ಜಾಗದಲ್ಲಿ ಕಪ್ಪು ಉಳಿಯುತ್ತದೆ. ಬಂಗಿಗೆಂದು ಹಚ್ಚಿ ಬಂಗು ಹೆಚ್ಚಾಯಿತು ಎನ್ನುವವರ ಕಥೆ ಬಹಳಷ್ಟು ಸಲ ಇದೇ. ಬಣ್ಣ, ನಯದಲ್ಲಿ ಬದಲಾವಣೆ ಮೂರು ತಿಂಗಳಿಗೆ, ಸಣ್ಣ ಗೆರೆಗೆ ಆರು ತಿಂಗಳು. ಬಸುರಿಯಾಗಲು ಯೋಚಿಸಿದ್ದರೆ, ಬಸುರಿಯಾಗಿದ್ದರೆ ಬೇಡವೇ ಬೇಡ.

ಬೊಟಾಕ್ಸ್: ಹುಬ್ಬಿನ ನಡುವಿನ ಗೆರೆಗೆ ಸಾಮಾನ್ಯ ಪ್ರಮಾಣ 20 ಯೂನಿಟ್, ಮೂರ್ನಾಲ್ಕು ತಿಂಗಳಿಗೆ ಇಳಿಯುತ್ತದೆ. "ಮುಂದೆ ಸುಕ್ಕೇ ಬರಲ್ಲ" ಎನ್ನುವುದು ಮಾರಾಟದ ಮಾತು. ಹಾಕಿಸಿದಷ್ಟು ದಿನ ಆ ಸ್ನಾಯು ಮಡಚುವುದಿಲ್ಲ, ಬಿಸಿಲಿನ ಕೆಲಸ ನಡೆದೇ ಇರುತ್ತದೆ. ಸುಮ್ಮನಿದ್ದಾಗಲೂ ಉಳಿಯುವ ಗೆರೆ ನಿಮಗೆ ತೀರಾ ಬೇಸರವಾದರೆ, ಕಣ್ಣು ಪರೀಕ್ಷೆಯ ನಂತರ, ಎಂಡಿ ಅಥವಾ ಡಿಎನ್‌ಬಿ ಚರ್ಮರೋಗ ತಜ್ಞರ ಹತ್ತಿರ ಮಾತಾಡಿ. ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ ನೋಡಿ. ಕಣ್ಣ ಕೆಳಗಿನ ಗುಳಿಗೆ ಫಿಲ್ಲರ್ (ಗುಳಿ ತುಂಬಲು ಚುಚ್ಚುವ ಜೆಲ್) ಎಂದರೆ ಇನ್ನೂ ಎಚ್ಚರ. ರಕ್ತನಾಳಕ್ಕೆ ಹೋದರೆ ದೃಷ್ಟಿಗೇ ಅಪಾಯವಿದೆ. ಅದನ್ನು ಕರಗಿಸುವ ಹಯಾಲುರೊನಿಡೇಸ್ ಕೈಯಲ್ಲಿಲ್ಲದ ಕಡೆ ಕುರ್ಚಿಯ ಮೇಲೆ ಕೂರಲೇಬಾರದು.

---

ಶರಾವತಿ_ದಡ

@ಬೇವಿನಕಟ್ಟೆ ಹಂತಗಳೆಲ್ಲ ಸರಿ, ಆದರೆ ಕ್ರಮದಲ್ಲಿ ನನ್ನ ಅಭಿಪ್ರಾಯ ಬೇರೆ. ಇವರ ಕೆನ್ನೆ ಒಣ, ನಿಂಬೆರಸದಿಂದ ಈಗಾಗಲೇ ಕೆಣಕಿದೆ. ಮೊದಲ ನಾಲ್ಕು ವಾರ ನೊರೆ ಕಡಿಮೆಯ ಫೇಸ್‌ವಾಶ್, ಸೆರಾಮೈಡ್ (ಚರ್ಮದ ತೇವ ಹಿಡಿದಿಡುವ ಜಿಡ್ಡು) ಇರುವ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಇಷ್ಟೇ. ಆಮೇಲೆ ಕಂದಿಗೆ 10% ಅಜೆಲಾಯಿಕ್ ಆಮ್ಲ ರಾತ್ರಿ ಹೊತ್ತು. ಹಚ್ಚಿದ ಹತ್ತು ನಿಮಿಷ ತುರಿಕೆ ಇರುತ್ತದೆ, ಹೋಗುತ್ತದೆ. ಬಸುರಿಯಲ್ಲಿಯೂ ಸುರಕ್ಷಿತವೆಂದು ಎಣಿಸಿರುವುದು ಇದರ ದೊಡ್ಡ ಅನುಕೂಲ. ಮೂರು ತಿಂಗಳ ನಂತರ ಟ್ರೆಟಿನೊಯಿನ್ ಬೇಕೋ ಬೇಡವೋ ನೋಡಬಹುದು. ಎರಡನ್ನೂ ಒಂದೇ ವಾರ ಶುರು ಮಾಡಿದರೆ ಉರಿ ಯಾವುದರಿಂದ ಎಂದೇ ತಿಳಿಯುವುದಿಲ್ಲ.

---

ಬೇವಿನಕಟ್ಟೆ

ಒಪ್ಪಿದೆ. ಒಣ ಕೆನ್ನೆ ಎಂಬುದಕ್ಕೆ ನಾನು ಕೊಡಬೇಕಾದಷ್ಟು ತೂಕ ಕೊಡಲಿಲ್ಲ.

---

ಮಳೆಬಿಲ್ಲು_ಸಾಗರ

ಇಲ್ಲಿಯವರೆಗೆ ಯಾರೂ ಹೇಳದ ಒಂದು ಮಾತು, ದಯವಿಟ್ಟು ಓದಿ. ಕಂದು ಛಾಯೆ ಅಂದ ತಕ್ಷಣ ಮೆಡಿಕಲ್ ಶಾಪಿನಲ್ಲೋ ಪಾರ್ಲರಿನಲ್ಲೋ ಒಂದು ಟ್ಯೂಬ್ ಕೈಗಿಡುತ್ತಾರೆ. ಹತ್ತು ದಿನಕ್ಕೆ ಮುಖ ಬೆಳ್ಳಗೆ, ನಯವಾಗಿ ಹೊಳೆಯುತ್ತದೆ. ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ ಓದಿ: ಮೊಮೆಟಾಸೋನ್, ಬೀಟಾಮೆಥಾಸೋನ್, ಫ್ಲುಸಿನೋಲೋನ್, ಕ್ಲೋಬೆಟಾಸೋಲ್ ಇವೆಲ್ಲ ಸ್ಟೀರಾಯ್ಡ್. ವೈದ್ಯರ ನಿಗಾದಲ್ಲಿ ಕೆಲವೇ ವಾರ ಬಳಸಬೇಕಾದದ್ದನ್ನು ತಿಂಗಳುಗಟ್ಟಲೆ ಫೇರ್‌ನೆಸ್ ಕ್ರೀಮಿನಂತೆ ಹಚ್ಚಿದರೆ ಚರ್ಮ ಈರುಳ್ಳಿ ಪೊರೆಯಂತೆ ತೆಳುವಾಗಿ, ಕೆಂಪು ನಾಳಗಳು ಕಂಡು, ಕೂದಲು ಬೆಳೆದು, ಇಪ್ಪತ್ತೈದಕ್ಕೇ ನಿಜವಾದ ಸುಕ್ಕು ಬರುತ್ತದೆ. ಬಿಸಿಲಿಗಿಂತ ಬಹಳ ಬೇಗ ಇದು ಚರ್ಮ ಕೆಡಿಸಬಲ್ಲದು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ದಿಢೀರ್ ನಿಲ್ಲಿಸಿದರೆ ಉರಿ, ಕೆಂಪು, ಗುಳ್ಳೆ ಜೋರಾಗಿ ಏಳುತ್ತವೆ, ಮತ್ತೆ ಅದೇ ಟ್ಯೂಬಿಗೆ ಕೈ ಹೋಗುತ್ತದೆ. ಟ್ಯೂಬ್ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ, ಹಂತ ಹಂತವಾಗಿ ಬಿಡಿಸುತ್ತಾರೆ.

ತಯಾರಕರ ವಿಳಾಸ, ಪದಾರ್ಥದ ಪಟ್ಟಿ ಇಲ್ಲದ ಡಬ್ಬಿ ಕ್ರೀಮುಗಳಲ್ಲಿ ಪಾದರಸ ಇರುವ ಸಾಧ್ಯತೆ ಬೇರೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥ ಕ್ರೀಮು ಬಳಸಿದವರಿಗೆ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡದ್ದು ಸುದ್ದಿಯಾಗಿತ್ತು.

---

ಹೊಂಗೆನೆರಳು

ಎಲ್ಲರಿಗೂ ಧನ್ಯವಾದ. ಪರೀಕ್ಷೆ ಮಾಡಿ ನೋಡಿದೆ: ಕಣ್ಣ ಕೆಳಗಿನ ಸಣ್ಣ ಗೆರೆ ಮಾಯಿಶ್ಚರೈಸರಿಗೆ ಮಾಸಿತು, ಕಪ್ಪು ಗದ್ದ ಎತ್ತಿದಾಗ ಅರ್ಧ ಹೋಯಿತು. ಕೆನ್ನೆಯ ಕಂದು ತೆಳ್ಳಗಿದೆ, ಮಖಮಲ್ಲಿನಂತಿಲ್ಲ, ಕತ್ತಿನ ಹಿಂದೆ ಏನಿಲ್ಲ. ಕಣ್ಣಿನ ಪರೀಕ್ಷೆ ಶನಿವಾರಕ್ಕೆ. ಒಂದೇ ಅನುಮಾನ: ತಿಂಗಳಿಗೊಮ್ಮೆ ಹುಬ್ಬಿಗೂ ಮೇಲ್ದುಟಿಗೂ ಥ್ರೆಡಿಂಗ್ ಮಾಡಿಸುವುದಿದೆ. ಅಜೆಲಾಯಿಕ್, ಮುಂದೆ ಟ್ರೆಟಿನೊಯಿನ್ ಹಚ್ಚುವಾಗ ಅದನ್ನು ಬಿಡಬೇಕೇ?

---

ಬೇವಿನಕಟ್ಟೆ

ಬಿಡಬೇಕಿಲ್ಲ, ಬಿಡುವು ಕೊಡಬೇಕು. ಅಜೆಲಾಯಿಕ್ ಆದರೆ ಹಿಂದಿನ ರಾತ್ರಿಯಿಂದ ನಿಲ್ಲಿಸಿ, ಎರಡು ರಾತ್ರಿ ಬಿಟ್ಟು ಮತ್ತೆ ಹಚ್ಚಿ. ಟ್ರೆಟಿನೊಯಿನ್ ಶುರುವಾದ ಮೇಲೆ ಥ್ರೆಡಿಂಗಿಗೆ ಐದಾರು ದಿನ ಮೊದಲೇ ಆ ಜಾಗಕ್ಕೆ ನಿಲ್ಲಿಸಿ, ಮುಗಿದ ಮೇಲೆ ಎರಡು ಮೂರು ದಿನ ಬಿಡುವು. ಮೇಲ್ದುಟಿಗೆ ವ್ಯಾಕ್ಸ್ ಬೇಡ. ಔಷಧಿಯಿಂದ ಸಡಿಲವಾದ ಹೊರಪದರ ವ್ಯಾಕ್ಸ್ ಜೊತೆಗೇ ಕಿತ್ತುಬರುತ್ತದೆ, ಗಾಯ ಒಣಗಿದ ಮೇಲೆ ಮೀಸೆಯ ಆಕಾರದಲ್ಲೇ ಕಪ್ಪು ಉಳಿಯುತ್ತದೆ. ಬ್ಲೀಚೂ ಅದೇ ಕಾರಣಕ್ಕೆ ಬೇಡ. ಥ್ರೆಡಿಂಗ್ ಮುಗಿದ ತಕ್ಷಣ ಪಾರ್ಲರಿನವರು ಹಚ್ಚುವ ಪರಿಮಳದ ಲೋಷನ್ ಬೇಡ ಎನ್ನಿ, ತಣ್ಣೀರಿನ ಬಟ್ಟೆ ಐದು ನಿಮಿಷ ಇಟ್ಟು ಮೇಲೆ ವ್ಯಾಸಲಿನ್. ಸಂಜೆ ಬಿಸಿಲು ಇಳಿದ ಮೇಲೆ ಹೋಗುವಂತೆ ಇಟ್ಟುಕೊಂಡರೆ ಆ ಹಸಿ ಚರ್ಮದ ಮೇಲೆ ಸ್ಕೂಟರಿನ ಬಿಸಿಲು ಬೀಳುವುದಿಲ್ಲ.